ಲಾರಿಯ ಭಾರ ಕೆಲಸ ಮಾಡುವುದು ಗುದ್ದುವ ಮುಂಚೆ

ಪ್ರಶ್ನೆ: ದಾಬಸ್‌ಪೇಟೆಯಿಂದ ಬೆಂಗಳೂರಿಗೆ ದಿನಾ ಕಾರಿನಲ್ಲಿ ಓಡಾಡುತ್ತೇನೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿ ಕಾರಿನ ಮೇಲೆ ಮಗುಚಿ ಒಂದೇ ಮನೆಯ ಆರು ಜನ ತೀರಿಕೊಂಡರಲ್ಲ, ಅಂದಿನಿಂದ ಲಾರಿ ಪಕ್ಕಕ್ಕೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಲಾರಿ ಭಾರವಾದಷ್ಟೂ ಅಪಘಾತ ಭೀಕರವಾಗುತ್ತದೆಯೇ? ಓವರ್‌ಲೋಡ್ ನಿಲ್ಲಿಸಿದರೆ ಸಾವು ಕಡಿಮೆಯಾದೀತೇ? ನಾನು ಭಾರದ ಎಸ್‌ಯುವಿ ಕೊಂಡರೆ ಏನಾದರೂ ಪ್ರಯೋಜನ ಉಂಟೇ?

ಉತ್ತರ: ಮೊದಲು ಲೆಕ್ಕ ನೋಡಿಬಿಡೋಣ. 1.2 ಟನ್ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದೆ, ಎದುರಿನಿಂದ ಅದೇ ವೇಗದಲ್ಲಿ ಇನ್ನೊಂದು ವಾಹನ ಬಂದು ಮುಖಾಮುಖಿ ಗುದ್ದುತ್ತದೆ ಎಂದಿಟ್ಟುಕೊಳ್ಳಿ. ಎದುರಿನದೂ 1.2 ಟನ್ನಿನ ಕಾರೇ ಆದರೆ ಎರಡೂ ಅಲ್ಲೇ ನಿಲ್ಲುತ್ತವೆ. ಅಂದರೆ ಒಳಗಿದ್ದವರ ವೇಗ ಕಣ್ಣು ಮಿಟುಕಿಸುವುದರೊಳಗೆ 60 ಕಿ.ಮೀ.ಯಷ್ಟು ಬದಲಾಯಿತು. ಇದನ್ನು ಏಟಿನ ವೇಗ ಎಂದು ಕರೆಯೋಣ. ಗಾಯ ಎಷ್ಟಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅಂಕಿ ಇಲ್ಲ. ಈಗ ಎದುರಿಗೆ 9 ಟನ್ನಿನ ಖಾಲಿ ಲಾರಿ ಬಂದರೆ ಕಾರಿಗೆ ಬೀಳುವ ಏಟಿನ ವೇಗ 106. ಲೋಡಾದ ಎರಡು ಆಕ್ಸಲ್ಲಿನ 18.5 ಟನ್ ಲಾರಿಯಾದರೆ 113. ಹತ್ತು ಚಕ್ರದ 28.5 ಟನ್ ಲಾರಿಯಾದರೆ 115. ಅದೇ ಲಾರಿ ಅಳತೆ ಮೀರಿ ಹೇರಿಕೊಂಡು ಒಟ್ಟು 43 ಟನ್ ಆಗಿ ಬಂದರೆ 117.

ಖಾಲಿ ಲಾರಿಗೂ 43 ಟನ್ನಿನದಕ್ಕೂ ತೂಕದಲ್ಲಿ ಐದು ಪಟ್ಟು ಹತ್ತಿರದ ಅಂತರವಿದ್ದರೂ ಕಾರಿನವರಿಗೆ ವ್ಯತ್ಯಾಸ 11 ಕಿ.ಮೀ. ಮಾತ್ರ. ನ್ಯಾಯವಾಗಿ ಲೋಡ್ ಮಾಡಿದ ಲಾರಿಗೂ ಓವರ್‌ಲೋಡ್ ಲಾರಿಗೂ ಬರೀ 2. ಎದುರಿನ ವಾಹನ ಕಾರಿನ ಎಂಟು ಹತ್ತು ಪಟ್ಟು ಭಾರವಾದ ಮೇಲೆ ಅದಕ್ಕೆ ಇನ್ನೆಷ್ಟು ಟನ್ ಏರಿಸಿದರೂ ಕಾರಿಗೆ ಅದು ಗೋಡೆಯೇ, ಆ ಗೋಡೆ ಎದುರಿನಿಂದ ಓಡಿ ಬರುತ್ತಿದೆ ಅಷ್ಟೆ. ಲಾರಿ ಚಾಲಕನಿಗೆ ಇದೇ ಡಿಕ್ಕಿಯಲ್ಲಿ ಬೀಳುವ ಏಟಿನ ವೇಗ 5 ಕಿ.ಮೀ. ಜೋರಾಗಿ ಬ್ರೇಕ್ ಹಾಕಿದ ಹಾಗೆ ಅನಿಸಿರುತ್ತದೆ.

ಇಲ್ಲೇ ನಿಮ್ಮ ಮೂರನೇ ಪ್ರಶ್ನೆಗೂ ಉತ್ತರ ಸಿಕ್ಕಿತು. 1.2 ಟನ್ನಿನ ಕಾರಿನ ಬದಲು 2.2 ಟನ್ನಿನ ಎಸ್‌ಯುವಿಯಲ್ಲಿದ್ದರೆ 28.5 ಟನ್ ಲಾರಿಯ ಎದುರು ಏಟಿನ ವೇಗ 115ರಿಂದ 111ಕ್ಕೆ ಇಳಿಯುತ್ತದೆ. ಕಾರಿಗೆ ಕಾರು ಗುದ್ದುವಾಗ ತೂಕ ನಿಮ್ಮ ಪರ ನಿಲ್ಲುತ್ತದೆ (ಎದುರಿನ ಚಿಕ್ಕ ಕಾರಿನವರ ಪಾಲಿಗೆ ಕಂಟಕವಾಗಿ), ಲಾರಿಯ ಮುಂದೆ ಅದರ ಆಟ ನಡೆಯುವುದಿಲ್ಲ. ಕಾರುಗಳ ಸುರಕ್ಷತೆ ಅಳೆದು ಸ್ಟಾರ್ ಕೊಡುವ, 2023ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ, ಜಜ್ಜಿಹೋಗುವಂಥ ತಡೆಗೆ ಗುದ್ದಿಸುತ್ತಾರೆ. ಐದು ಸ್ಟಾರ್ ಎಂದರೆ ಆ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾದ ಕಾರು. 115ರ ಏಟಿಗೆ ಯಾರೂ ಸ್ಟಾರ್ ಕೊಟ್ಟಿಲ್ಲ. ಲಾರಿಯ ಮುಂಭಾಗ ಜಗ್ಗುವುದಿಲ್ಲ ಎಂಬ ತಾಪತ್ರಯ ಬೇರೆ: ಎರಡು ಕಾರು ಗುದ್ದಿದಾಗ ಜಜ್ಜುವ ಶಕ್ತಿಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ, ಲಾರಿಯ ಎದುರು ಬಹುಪಾಲು ಕಾರೇ ನುಂಗಬೇಕು. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು ನಾಲ್ಕು ಪಟ್ಟು.

ಹಾಗಾದರೆ ಓವರ್‌ಲೋಡ್ ತಪ್ಪಲ್ಲವೇ ಎಂದು ಲಾರಿ ಮಾಲೀಕರು ಖುಷಿಪಡುವುದು ಬೇಡ. ಓವರ್‌ಲೋಡಿನ ಅಪಾಯವಿರುವುದು ಗುದ್ದುವ ಮುಂಚಿನ ಅರ್ಧ ನಿಮಿಷದಲ್ಲಿ ಮತ್ತು ಗುದ್ದಿದ ನಂತರದ ನೂರು ಮೀಟರಿನಲ್ಲಿ.

ಬ್ರೇಕಿನಿಂದ ಶುರುಮಾಡೋಣ. ಭಾರ ಹೆಚ್ಚಾದರೆ ನಿಲ್ಲುವ ದೂರ ಹೆಚ್ಚಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಯಾಕೆ ಎನ್ನುವುದು ಕೆಲವರಿಗೇ ಗೊತ್ತು. ಭಾರ ಏರಿದಂತೆ ಟೈರಿನ ಹಿಡಿತವೂ ಏರುತ್ತದೆ, ಆದ್ದರಿಂದ ಟೈರಿನ ಮಟ್ಟಿಗೆ ದೂರ ಅಷ್ಟೇ ಇರಬೇಕಿತ್ತು. ಸಮಸ್ಯೆ ಇರುವುದು ಬ್ರೇಕ್ ಡ್ರಮ್ಮಿನೊಳಗೆ, ಅಂದರೆ ಚಕ್ರದ ಜೊತೆ ತಿರುಗುವ, ಬ್ರೇಕು ಒಳಗಿನಿಂದ ಒತ್ತಿ ಹಿಡಿಯುವ ಕಬ್ಬಿಣದ ಬಟ್ಟಲಿನಲ್ಲಿ. ಲಾರಿಯ ಏರ್ ಬ್ರೇಕನ್ನು ಆರ್‌ಸಿಯಲ್ಲಿ ಬರೆದ ಒಟ್ಟು ತೂಕಕ್ಕೆ ತಕ್ಕಂತೆ ಮಾಡಿರುತ್ತಾರೆ. ಆ ತೂಕದಲ್ಲಿ ಬ್ರೇಕಿಗೆ ಚಕ್ರವನ್ನು ಬಿಗಿಹಿಡಿಯುವಷ್ಟು ಬಲ ಇರುತ್ತದೆ. ತೂಕ ಒಂದೂವರೆ ಪಟ್ಟಾದರೆ ಟೈರು ಹಿಡಿಯಲು ತಯಾರಿದ್ದರೂ ಬ್ರೇಕಿನ ಬಲ ಮುಗಿದಿರುತ್ತದೆ. ಅದೇ ಬಲ ಒಂದೂವರೆ ಪಟ್ಟು ತೂಕವನ್ನು ತಡೆಯಬೇಕು, ಹಾಗಾಗಿ ದೂರವೂ ಒಂದೂವರೆ ಪಟ್ಟು.

ಅಂಕಿಯಲ್ಲಿ ಹೇಳುವುದಾದರೆ, 60 ಕಿ.ಮೀ. ವೇಗದಲ್ಲಿ ಚಾಲಕ ಎಚ್ಚೆತ್ತು ಪೆಡಲ್ ಒತ್ತಲು ಒಂದೂವರೆ ಸೆಕೆಂಡ್, ಅಷ್ಟರಲ್ಲಿ 25 ಮೀಟರ್ ಹೋಯಿತು. ಗಾಳಿ ಪೈಪಿನಲ್ಲಿ ಓಡಿ ಬ್ರೇಕ್ ಬೂಸ್ಟರ್ (ಗಾಳಿಯ ಒತ್ತಡದಿಂದ ಬ್ರೇಕ್ ಒತ್ತುವ ಡಬ್ಬ) ತಲುಪಲು ಇನ್ನರ್ಧ ಸೆಕೆಂಡ್, 8 ಮೀಟರ್. ಕಾರಿನ ಬ್ರೇಕಿನಲ್ಲಿ ಈ ತಡ ಇಲ್ಲವೆನ್ನುವಷ್ಟು ಕಡಿಮೆ. ಒಳ್ಳೆಯ ಸ್ಥಿತಿಯಲ್ಲಿರುವ ಬ್ರೇಕು ಅಲ್ಲಿಂದ ಸುಮಾರು 28 ಮೀಟರಿನಲ್ಲಿ ಲಾರಿಯನ್ನು ನಿಲ್ಲಿಸುತ್ತದೆ. ಒಟ್ಟು 61. ಓವರ್‌ಲೋಡ್ ಲಾರಿಗೆ ಕೊನೆಯ ಅಂಕಿ 42, ಒಟ್ಟು 75. ಹದಿನಾಲ್ಕು ಮೀಟರ್ ಹೆಚ್ಚು ಎಂದರೆ ಏನು ಮಹಾ ಎನಿಸಬಹುದು. ಸರಿಯಾಗಿ ಲೋಡಾದ ಲಾರಿ ಎಲ್ಲಿ ಪೂರ್ತಿ ನಿಂತಿತೋ ಅದೇ ಜಾಗದಲ್ಲಿ ಓವರ್‌ಲೋಡ್ ಲಾರಿ ಇನ್ನೂ ಗಂಟೆಗೆ 35 ಕಿ.ಮೀ. ವೇಗದಲ್ಲಿರುತ್ತದೆ. ಅಲ್ಲೊಂದು ಬೈಕ್ ನಿಂತಿದ್ದರೆ ಒಂದು ಲಾರಿ ಅದರ ಹಿಂದೆ ಹಾರ್ನ್ ಮಾಡುತ್ತದೆ, ಇನ್ನೊಂದು ಕೊಲ್ಲುತ್ತದೆ.

ಇದು ಸಮತಟ್ಟು ರಸ್ತೆಯ ಮಾತು. ಇಳಿಜಾರಿನಲ್ಲಿ ಲೆಕ್ಕ ಇನ್ನೂ ಕ್ರೂರ. ನೂರು ಮೀಟರಿಗೆ ಆರು ಮೀಟರ್ ಇಳಿಯುವ ಘಾಟಿಯಲ್ಲಿ 28.5 ಟನ್ ಲಾರಿಯನ್ನು 40 ಕಿ.ಮೀ. ವೇಗದಲ್ಲಿ ಹಿಡಿದಿಡಲು ಸುಮಾರು 186 ಕಿಲೋವ್ಯಾಟ್ ಶಕ್ತಿಯನ್ನು ಎಲ್ಲಾದರೂ ಸುರಿಯಬೇಕು. ಅಂಥ ಲಾರಿಯ ಇಂಜಿನ್ ಹತ್ತುವಾಗ ಕೊಡುವ ಪೂರ್ತಿ ಶಕ್ತಿ ಹೆಚ್ಚುಕಡಿಮೆ ಇಷ್ಟೇ. ಟೈರು ಉರುಳುವುದರಲ್ಲಿ ಒಂದು 22 ಕಿಲೋವ್ಯಾಟ್ ಹೋಗುತ್ತದೆ. ಗೇರಿನಲ್ಲಿರುವ ಇಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ಮುಚ್ಚಿ ಇಂಜಿನ್ನಿನಿಂದಲೇ ವೇಗ ತಗ್ಗಿಸುವ ವ್ಯವಸ್ಥೆ) ಸೇರಿ 80 ಹೀರಿಕೊಂಡಿತು ಎಂದುಕೊಂಡರೆ ಉಳಿದ 84 ಡ್ರಮ್ಮುಗಳ ಪಾಲು. ಈಗ ಅದೇ ಲಾರಿಯ ಒಟ್ಟು ತೂಕ 43 ಟನ್ ಆಗುವಷ್ಟು ಹೇರಿ. ಬೇಕಾದದ್ದು 281, ಟೈರಿಗೆ 33, ಇಂಜಿನ್ ಮಾತ್ರ ಅದೇ 80, ಯಾಕೆಂದರೆ ಹೇರಿದ ಲೋಡು ಇಂಜಿನ್ನನ್ನು ದೊಡ್ಡದು ಮಾಡುವುದಿಲ್ಲ. ಡ್ರಮ್ಮಿಗೆ ಬಿದ್ದದ್ದು 168. ತೂಕ ಒಂದೂವರೆ ಪಟ್ಟಾದರೆ ಡ್ರಮ್ಮಿನ ಬಿಸಿ ಎರಡು ಪಟ್ಟಾಯಿತು. ಓವರ್‌ಲೋಡಿನ ಬಗ್ಗೆ ಒಂದೇ ಒಂದು ಲೆಕ್ಕ ನೆನಪಿಟ್ಟುಕೊಳ್ಳಬೇಕಾದರೆ ಇದನ್ನು ಇಟ್ಟುಕೊಳ್ಳಿ.

ಡ್ರಮ್ಮು ಕಾದರೆ ಎರಡು ಕೆಡುಕು ಒಟ್ಟಿಗೆ ಆಗುತ್ತವೆ. ಡ್ರಮ್ಮಿಗೆ ಉಜ್ಜಿ ಹಿಡಿಯುವ ಪಟ್ಟಿ, ಅಂದರೆ ಲೈನರ್, ಹಿಡಿತ ಕಳೆದುಕೊಳ್ಳುತ್ತದೆ, ಸುಟ್ಟ ವಾಸನೆ ಬರುವುದು ಆಗಲೇ. ಜೊತೆಗೆ ಕಬ್ಬಿಣದ ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಬೂಸ್ಟರಿನ ಸರಳು ಅಷ್ಟು ಹೆಚ್ಚು ಚಲಿಸಬೇಕು. ಈ ಅಂತರ ಸರಿಹೊಂದಿಸುವ ಸ್ಲಾಕ್ ಅಡ್ಜಸ್ಟರ್ ಮೊದಲೇ ಸಡಿಲವಿದ್ದರೆ ಸರಳು ತನ್ನ ಕೊನೆ ಮುಟ್ಟಿಬಿಡುತ್ತದೆ, ಪೆಡಲ್ ಎಷ್ಟು ತುಳಿದರೂ ಲೈನರಿಗೆ ಒತ್ತಡ ತಲುಪುವುದಿಲ್ಲ. ಪೇಪರಿನಲ್ಲಿ "ಬ್ರೇಕ್ ಫೇಲ್" ಎಂದು ಬರುವ ಎಷ್ಟೋ ಪ್ರಕರಣಗಳಲ್ಲಿ ಮುರಿದ ಬಿಡಿಭಾಗ ಒಂದೂ ಸಿಗುವುದಿಲ್ಲ. ಮರುದಿನ ತಣ್ಣಗಾದ ಮೇಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರಿಗೆ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಚಾಲಕ ಸುಳ್ಳು ಹೇಳಿದ ಎಂದಾಗುತ್ತದೆ. ಅವನು ಹೇಳಿದ್ದು ನಿಜವೇ ಇರಬಹುದು.

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಟವನ್ನು ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ. ನ್ಯಾಯವಾಗಿ ಲೋಡಾದ 28.5 ಟನ್ ಲಾರಿಯಲ್ಲಿ ಇಂಜಿನ್ ಹೀರುತ್ತಿದ್ದ 80 ಡ್ರಮ್ಮಿಗೆ ಬಂದು 164 ಆಗುತ್ತದೆ, 43 ಟನ್ನಿನ ಓವರ್‌ಲೋಡಿಗೆ ಸಮ. ಓವರ್‌ಲೋಡ್ ಲಾರಿಯನ್ನೇ ನ್ಯೂಟ್ರಲ್ ಮಾಡಿದರೆ ಎಷ್ಟಾಗುತ್ತದೆ ಎಂದು ಬರೆಯುವ ಅಗತ್ಯವಿಲ್ಲ. ಇಂಜಿನ್ನನ್ನೇ ಆಫ್ ಮಾಡಿದರೆ ಗಾಳಿ ತುಂಬುವ ಕಂಪ್ರೆಸರೂ ನಿಂತು, ಪವರ್ ಸ್ಟೇರಿಂಗೂ ಗಟ್ಟಿಯಾಗುತ್ತದೆ. ನಮ್ಮ ಇದೇ ಬೆಂಗಳೂರು-ಮುಂಬೈ ಹೆದ್ದಾರಿಯಲ್ಲಿ, ಪುಣೆಯ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯುವ ಜಾಗದಲ್ಲಿ 2022ರ ನವೆಂಬರ್ 20ರ ರಾತ್ರಿ ಒಂದು ಲಾರಿ ಹತ್ತಾರು ವಾಹನಗಳನ್ನು ಜಜ್ಜಿತು. ಇಂಧನ ಉಳಿಸಲು ಚಾಲಕ ಇಂಜಿನ್ ಬಂದ್ ಮಾಡಿ ಇಳಿಯುತ್ತಿದ್ದ ಎಂದು ಆಗ ಪೊಲೀಸರು ಹೇಳಿದ್ದರು.

ಒಂದು ಲಾರಿ ಅಷ್ಟು ವಾಹನಗಳನ್ನು ಹೇಗೆ ಗುದ್ದಲು ಸಾಧ್ಯ? ಗುದ್ದಿದ ನಂತರದ ದೂರ ಎಂದೆನಲ್ಲ, ಇದು ಅದು. ಬ್ರೇಕಿಲ್ಲದ ಲಾರಿ 60 ಕಿ.ಮೀ. ವೇಗದಲ್ಲಿ ಸಾಲಾಗಿ ನಿಂತ ಹತ್ತು ಕಾರುಗಳನ್ನು ಒಂದಕ್ಕೊಂದು ಸೇರಿಸಿ ತಳ್ಳಿತು ಅನ್ನಿ. 9 ಟನ್ನಿನ ಖಾಲಿ ಲಾರಿಯಾದರೆ ಹತ್ತನೇ ಕಾರಿನ ಹೊತ್ತಿಗೆ ಅದರ ವೇಗ 26ಕ್ಕೆ ಇಳಿದಿರುತ್ತದೆ. 28.5 ಟನ್ನಿನದು 42ರಲ್ಲಿ, 43 ಟನ್ನಿನದು 47ರಲ್ಲಿ ಹೋಗುತ್ತಲೇ ಇರುತ್ತದೆ. ಮೊದಲ ಕಾರಿನವರಿಗೆ ಮೂರು ಲಾರಿಗಳೂ ಒಂದೇ. ಹತ್ತನೆಯವರಿಗೆ ಅಲ್ಲ. ಹೀಗಾಗಿ ಉದ್ದ ಇಳಿಜಾರಿನ ಬುಡದಲ್ಲಿ ಸಿಗ್ನಲ್ಲೋ ಟೋಲೋ ಜನಸಂದಣಿಯ ಜಂಕ್ಷನ್ನೋ ಇಡುವುದು ರಸ್ತೆ ವಿನ್ಯಾಸದ ದೊಡ್ಡ ತಪ್ಪು.

ಇನ್ನು ಮಗುಚುವುದು. ನೆಲಮಂಗಲದ ಘಟನೆಯಲ್ಲಿ ಮುಂದಿದ್ದ ಕಾರು ಹಠಾತ್ತನೆ ಬ್ರೇಕ್ ಹಾಕಿತು, ತಪ್ಪಿಸಲು ಸ್ಟೇರಿಂಗ್ ಎಳೆದೆ ಎಂದು ಕಂಟೇನರ್ ಚಾಲಕ ಹೇಳಿದ್ದಾಗಿ ವರದಿಯಾಗಿತ್ತು. ಲಾರಿ ಡಿವೈಡರ್ ದಾಟಿ ಎದುರು ಬದಿಯ ಕಾರಿನ ಮೇಲೆ ಬಿತ್ತು. ಆ ಕಾರು ಸುರಕ್ಷತೆಗೆ ಹೆಸರಾದ ದೊಡ್ಡ ವೋಲ್ವೊ ಎಸ್‌ಯುವಿ. ಛಾವಣಿಯ ಗಟ್ಟಿತನ ಅಳೆಯುವ ಅಮೆರಿಕದ ನಿಯಮ ಕಾರಿನ ತೂಕದ ಮೂರು ಪಟ್ಟು ಭಾರ ತಡೆಯಲಿ ಎನ್ನುತ್ತದೆ, ಒಳ್ಳೆಯ ಕಾರುಗಳು ನಾಲ್ಕು ಪಟ್ಟಿಗೂ ಮೀರಿ ತಡೆಯುತ್ತವೆ. ಎರಡು ಟನ್ನಿನ ಕಾರಿಗೆ ಎಂಟು ಹತ್ತು ಟನ್ ಎಂದಾಯಿತು. ಅದು ಕಾರು ತಾನೇ ಪಲ್ಟಿಯಾದಾಗ ಒಳಗಿನವರನ್ನು ಉಳಿಸುವ ಬಲ. ಲೋಡಾದ ಕಂಟೇನರ್ ಮೇಲೆ ಬೀಳುವುದನ್ನು ಲೆಕ್ಕದಲ್ಲಿಟ್ಟು ಯಾವ ಕಂಪನಿಯೂ ಕಾರು ಮಾಡಿಲ್ಲ. ಭಾರ ನೇರವಾಗಿ ಕೊಲ್ಲುವ ಸಂದರ್ಭ ಇದು.

ಲಾರಿ ಮಗುಚುವುದಕ್ಕೆ ತೂಕಕ್ಕಿಂತ ತೂಕದ ಎತ್ತರ ಕಾರಣ. ಚಕ್ರಗಳ ನಡುವಿನ ಅಗಲದ ಅರ್ಧವನ್ನು ಭಾರಕೇಂದ್ರದ ಎತ್ತರದಿಂದ ಭಾಗಿಸಿದರೆ ಮಗುಚುವ ಮಿತಿ ಸಿಗುತ್ತದೆ. ಅಗಲ 1.95 ಮೀಟರ್, ಎತ್ತರ 2 ಮೀಟರ್ ಎಂದರೆ ಸುಮಾರು 0.49, ಅಂದರೆ ಲಾರಿಯ ತೂಕದ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆದರೆ ಸಾಕು. ಪಾಟಾ (ಲಾರಿಯ ಪಟ್ಟಿ ಸ್ಪ್ರಿಂಗ್) ಮತ್ತು ಟೈರು ಬಾಗುವುದರಿಂದ ರಸ್ತೆಯಲ್ಲಿ ಅದು 0.35ಕ್ಕೇ ಬರುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ಮಿತಿ ಮುಟ್ಟಲು 47 ಕಿ.ಮೀ. ವೇಗ ಸಾಕು. ಸಾಧಾರಣ ಕಾರಿನ ಮಿತಿ 1ಕ್ಕಿಂತ ಮೇಲಿರುವುದರಿಂದ ಅದೇ ತಿರುವಿನಲ್ಲಿ ಕಾರು ಜಾರೀತೇ ಹೊರತು ಮಗುಚಲಾರದು. ಕಾರಿನ ಅಭ್ಯಾಸದಲ್ಲಿ ಲಾರಿ ಓಡಿಸುವವರು, ಮೊಬೈಲ್ ನೋಡುತ್ತ ಕೊನೆಗಳಿಗೆಯಲ್ಲಿ ಸ್ಟೇರಿಂಗ್ ಎಳೆಯುವವರು ಎಡವುವುದು ಇಲ್ಲಿ. ಹತ್ತಿ, ಹೊಟ್ಟು, ಖಾಲಿ ಡಬ್ಬಗಳಂಥ ಹಗುರ ಸರಕು ಮುಗಿಲೆತ್ತರ ಕಟ್ಟಿದ ಲಾರಿ ವೇ ಬ್ರಿಡ್ಜಿನಲ್ಲಿ ಪಾಸಾಗಿ ತಿರುವಿನಲ್ಲಿ ಫೇಲಾಗುತ್ತದೆ. ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ್ದಕ್ಕಿಂತ ಕೆಟ್ಟದ್ದು, ಒಳಗಿನ ದ್ರವ ತಿರುವಿನಲ್ಲಿ ಹೊರಬದಿಗೆ ಓಡುತ್ತದೆ.

ಸರಕಿನ ಮೇಲೆ ಜನ ಕೂತರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. ಭಾರಕೇಂದ್ರ 1.8 ಮೀಟರಿನಲ್ಲಿರುವ 14 ಟನ್ ಲಾರಿಯ ಮೇಲೆ, ಮೂರೂವರೆ ಮೀಟರ್ ಎತ್ತರದಲ್ಲಿ, 25 ಜನ ಕೂತರು ಎಂದರೆ ಒಂದೂವರೆ ಟನ್. ಭಾರಕೇಂದ್ರ 16 ಸೆಂಟಿಮೀಟರ್ ಮೇಲೇರಿತು, ಮಗುಚುವ ಮಿತಿ ಶೇ. 8ರಷ್ಟು ಇಳಿಯಿತು. ಲಾರಿ ವಾಲಿದಾಗ ಕೂತವರೂ ಅದೇ ಬದಿಗೆ ಒರಗುತ್ತಾರೆ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ತರಕಾರಿ ಲಾರಿ ಯಲ್ಲಾಪುರದ ಗುಳ್ಳಾಪುರ ಬಳಿ ಕಂದಕಕ್ಕೆ ಉರುಳಿದಾಗ ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವ್ಯಾಪಾರಿಗಳಿದ್ದರು. ಕನಿಷ್ಠ ಹತ್ತು ಮಂದಿ ಸತ್ತರು.

ನೆಲಮಂಗಲದಲ್ಲಿ ಡಿವೈಡರ್ ಲಾರಿಯನ್ನು ಯಾಕೆ ತಡೆಯಲಿಲ್ಲ ಎಂದು ನೀವು ಕೇಳಬಹುದು. ಹೆದ್ದಾರಿಯ ಬದಿಯ ಸಾಧಾರಣ ಉಕ್ಕಿನ ತಡೆಬೇಲಿ ಕಾರಿಗಾಗಿ ಮಾಡಿದ್ದು. ಯುರೋಪಿನ ಇಎನ್ 1317 ಮಾನದಂಡದಲ್ಲಿ ಎನ್2 ದರ್ಜೆಯ ಬೇಲಿಯನ್ನು 1.5 ಟನ್ ಕಾರು ಗುದ್ದಿಸಿ ಪರೀಕ್ಷಿಸುತ್ತಾರೆ, ಎಚ್4ಬಿ ದರ್ಜೆಗೆ 38 ಟನ್ ಟ್ರೈಲರನ್ನು 65 ಕಿ.ಮೀ. ವೇಗದಲ್ಲಿ ಗುದ್ದಿಸುತ್ತಾರೆ. ಮಣ್ಣು ತುಂಬಿ ಕಣಗಿಲೆ ಗಿಡ ನೆಟ್ಟ ಮೊಣಕಾಲೆತ್ತರದ ಕಲ್ಲುಕಟ್ಟು ಈ ಎರಡರಲ್ಲಿ ಯಾವುದೂ ಅಲ್ಲ. ಲಾರಿ ದಟ್ಟವಾಗಿ ಓಡುವ ಕಡೆ ಎತ್ತರದ ಕಾಂಕ್ರೀಟ್ ತಡೆಗೋಡೆ ಬೇಕು.

ತೂಕಕ್ಕೆ ಸಂಬಂಧವೇ ಇಲ್ಲದ ಒಂದು ಸಾವಿನ ದಾರಿಯನ್ನೂ ಹೇಳಲೇಬೇಕು, ಯಾಕೆಂದರೆ ದಿನಾ ಹೆದ್ದಾರಿಯಲ್ಲಿ ಓಡಾಡುವ ನಿಮಗೆ ಇದು ಹೆಚ್ಚು ಹತ್ತಿರದ್ದು. ರಸ್ತೆ ಬದಿಯಲ್ಲಿ ನಿಂತ ಲಾರಿಗೆ ಹಿಂದಿನಿಂದ ಕಾರು ಗುದ್ದುವುದು. ಕಾರಿನ ಗಟ್ಟಿ ಉಕ್ಕು ಇರುವುದು ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿ. ಲಾರಿಯ ಬಾಡಿ ಶುರುವಾಗುವುದು ಒಂದು ಮೀಟರಿನ ಮೇಲೆ. ಬಾನೆಟ್ ಕೆಳಗೆ ನುಗ್ಗುತ್ತದೆ, ಮೊದಲ ಏಟು ಗಾಜಿಗೆ, ಛಾವಣಿಯ ಕಂಬಕ್ಕೆ, ಆಮೇಲೆ ತಲೆಗೆ. ಏರ್‌ಬ್ಯಾಗ್ ತೆರೆದರೂ ಅದರ ಎದುರು ಬರುವುದು ಲಾರಿಯ ಹಲಗೆ. ಇದಕ್ಕಾಗಿಯೇ ಲಾರಿಯ ಹಿಂದೆ ಅಡ್ಡಪಟ್ಟಿ ಇರಬೇಕೆಂದು ನಿಯಮವಿದೆ, ಐಎಸ್ 14812 ಪ್ರಕಾರ ಅದರ ಕೆಳ ಅಂಚು ನೆಲದಿಂದ 550 ಮಿಲಿಮೀಟರಿಗಿಂತ ಮೇಲಿರಕೂಡದು. ಎಫ್‌ಸಿ (ಫಿಟ್‌ನೆಸ್ ತಪಾಸಣೆ) ದಿನ ಕಟ್ಟಿದ ತೆಳು ಪೈಪು, ಜಲ್ಲಿ ಸುರಿಯುವಾಗ ಅಡ್ಡವೆಂದು ಮೇಲಕ್ಕೆ ಬಗ್ಗಿಸಿದ ಪಟ್ಟಿ, ಎರಡೇ ಬೋಲ್ಟಿನಲ್ಲಿ ನೇತಾಡುವ ಚಾನಲ್, ಇವು ಕಾರನ್ನು ತಡೆಯುವುದಿಲ್ಲ. ಕೆಸರು ಮೆತ್ತಿದ ಕೆಂಪು ರಿಫ್ಲೆಕ್ಟರ್ ಟೇಪು ಇದ್ದೂ ಇಲ್ಲದ ಹಾಗೆ. ಅಪಾಯವಾಗುವಂತೆ ವಾಹನ ನಿಲ್ಲಿಸಿ ಹೋಗುವುದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 122ರಂತೆ ಅಪರಾಧ, ಅದನ್ನು ಜಾರಿ ಮಾಡುವವರು ಕಡಿಮೆ.

ಈಗ ಎರಡನೇ ಪ್ರಶ್ನೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ತೂಕದ ಮಿತಿಯನ್ನೇ ಏರಿಸಿತು: ಎರಡು ಆಕ್ಸಲ್ಲಿಗೆ 16.2 ಟನ್ ಇದ್ದದ್ದು 18.5 ಆಯಿತು, ಮೂರು ಆಕ್ಸಲ್ಲಿಗೆ 25 ಇದ್ದದ್ದು 28.5, ಟ್ರೈಲರಿಗೆ ಗರಿಷ್ಠ 55. 2019ರ ತಿದ್ದುಪಡಿಯ ನಂತರ ಸೆಕ್ಷನ್ 194ರಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೀರಿದ ಪ್ರತಿ ಟನ್ನಿಗೆ ಮತ್ತೆ 2,000. ತೂಕ ಹಾಕಿಸಿ ಎಂದರೂ ನಿಲ್ಲಿಸದೆ ಹೋದರೆ 40,000. ದಂಡ ಸಾಕಷ್ಟು ಭಾರವೇ ಇದೆ. ಆದರೆ ದಂಡ ಕಟ್ಟಿದ ರಸೀದಿ ಲಾರಿಯ ಬ್ರೇಕನ್ನು ಗಟ್ಟಿ ಮಾಡುವುದಿಲ್ಲ. ಹೆಚ್ಚುವರಿ ಸರಕನ್ನು ಅಲ್ಲೇ ಇಳಿಸಿ ಎಂದು ಹೇಳುವ ಅಧಿಕಾರ ಸೆಕ್ಷನ್ 114ರಲ್ಲಿದೆ. ಜೀವ ಉಳಿಸುವುದು ಆ ಸೆಕ್ಷನ್. ಇಳಿಸಿದ ಸರಕನ್ನು ಕಾಯಲು ಜಾಗ, ಇನ್ನೊಂದು ಲಾರಿ, ಹಮಾಲರು ಬೇಕು, ಅದರ ಉಸಾಬರಿ ಯಾರಿಗೂ ಬೇಡ. ಹೀಗಾಗಿ ದಂಡ ವಸೂಲಾಗುತ್ತದೆ, ಲಾರಿ ಅದೇ ತೂಕದಲ್ಲಿ ಘಾಟಿ ಇಳಿಯುತ್ತದೆ.

ಲೋಡ್ ತಡೆಯುವ ಸುಲಭದ ಜಾಗ ಕ್ವಾರಿಯ ಗೇಟು. ಆರ್‌ಸಿಯಲ್ಲಿ ಒಟ್ಟು ತೂಕ 28.5, ಖಾಲಿ ತೂಕ 9.5 ಇದ್ದರೆ ಹೇರಬಹುದಾದದ್ದು 19 ಟನ್. ಒಣ ಎಂ ಸ್ಯಾಂಡ್ ಘನ ಮೀಟರಿಗೆ ಸುಮಾರು 1.6 ಟನ್ ತೂಗುತ್ತದೆ, ಅಂದರೆ 12 ಘನ ಮೀಟರಿಗೇ ಮಿತಿ ಮುಟ್ಟಿತು. ಟಿಪ್ಪರಿನ ಬಾಡಿ 14 ಘನ ಮೀಟರ್ ಇದ್ದು ಅಂಚಿನವರೆಗೆ ತುಂಬಿದರೆ 22 ಟನ್ ದಾಟುತ್ತದೆ, ಮಳೆಯಲ್ಲಿ ನೆನೆದ ಮರಳಾದರೆ 26ರ ಮೇಲೆ. ಕಬ್ಬಿಣದ ಅದಿರು ಇನ್ನೂ ತೂಕದ್ದು, ಅರ್ಧ ಬಾಡಿ ಖಾಲಿ ಕಂಡರೂ ಲಾರಿ ಓವರ್‌ಲೋಡ್ ಆಗಿರಬಹುದು. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಸರಕು ಕಟ್ಟುವುದಕ್ಕೂ ಅಳತೆ ಇದೆ: ಮುಂದಕ್ಕೆ ನುಗ್ಗದಂತೆ ಸರಕಿನ ತೂಕದ ಶೇ. 80ರಷ್ಟು, ಪಕ್ಕಕ್ಕೆ ಮತ್ತು ಹಿಂದಕ್ಕೆ ಶೇ. 50ರಷ್ಟು ಬಲ ತಡೆಯುವ ಹಾಗೆ ಬಿಗಿಯಬೇಕು. ಉಕ್ಕಿನ ಕಾಯಿಲ್, ಸರಳು ಸಾಗಿಸುವ ಲಾರಿಯಲ್ಲಿ ಇದು ತಪ್ಪಿದರೆ ಮೊದಲು ಸಾಯುವುದು ಕ್ಯಾಬಿನ್ನಿನಲ್ಲಿರುವ ಚಾಲಕ ಮತ್ತು ಕ್ಲೀನರ್.

ಘಾಟಿ ಇಳಿಯುವವರಿಗೆ ಇಷ್ಟು. ಇಳಿಜಾರು ಶುರುವಾಗುವ ಮುಂಚೆಯೇ ಲಾರಿ ನಿಲ್ಲಿಸಿ ಗಾಳಿಯ ಮೀಟರ್ ನೋಡಿ, ಗೇರನ್ನು ಅಲ್ಲೇ ಕೆಳಗಿಳಿಸಿ. ಅರ್ಧ ಇಳಿದ ಮೇಲೆ ಗೇರ್ ಇಳಿಸಲು ಹೋಗಿ ಬೀಳದೆ ನ್ಯೂಟ್ರಲ್‌ನಲ್ಲೇ ಉಳಿದವರು ಬಹಳ. ಎಕ್ಸಾಸ್ಟ್ ಬ್ರೇಕ್ ಹಾಕಿಡಿ. 30 ಕಿ.ಮೀ.ಯಲ್ಲಿ ಇಳಿಯಬೇಕೆಂದರೆ 30 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 20ಕ್ಕೆ ತನ್ನಿ, ಪೂರ್ತಿ ಬಿಡಿ, ಮತ್ತೆ 30 ಆದಾಗ ಒತ್ತಿ. ಪೆಡಲಿನ ಮೇಲೆ ಮೆತ್ತಗೆ ಕಾಲಿಟ್ಟುಕೊಂಡೇ ಇಳಿದರೆ, ಅಡ್ಜಸ್ಟ್‌ಮೆಂಟ್ ಬಿಗಿ ಇರುವ ಒಂದೆರಡು ಚಕ್ರಗಳ ಡ್ರಮ್ಮೇ ಇಡೀ ಬಿಸಿಯನ್ನು ಹೊರುತ್ತದೆ. ಕಾದ ಡ್ರಮ್ಮಿಗೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ. ನಿಂತು ಆರಲಿ.

ನೀವು ಕಾರಿನಲ್ಲಿದ್ದು ಮಾಡಬಹುದಾದದ್ದು ಇದಕ್ಕಿಂತ ಸುಲಭ. ಲಾರಿಯನ್ನು ಹಿಂದಿಕ್ಕಿದ ಮೇಲೆ ಅದರ ಎರಡೂ ಹೆಡ್‌ಲೈಟು ನಿಮ್ಮ ಒಳಗನ್ನಡಿಯಲ್ಲಿ ಕಾಣುವ ತನಕ ಅದರ ಲೇನಿಗೆ ಬರಬೇಡಿ, ಬಂದ ಮೇಲೆ ಬ್ರೇಕ್ ಮುಟ್ಟಬೇಡಿ. 60 ಕಿ.ಮೀ. ವೇಗದಿಂದ ನಿಲ್ಲಲು ನಿಮಗೆ ಸುಮಾರು ನಲವತ್ತೈದು ಮೀಟರ್ ಸಾಕು, ಅವನಿಗೆ ಅರವತ್ತು ಬೇಕು. ತಿರುವಿನಲ್ಲಿ ಲಾರಿಯ ಹೊರಬದಿಗೆ ಸಮಾನಾಂತರವಾಗಿ ಓಡಬೇಡಿ, ಮಗುಚಿದರೆ ಅದು ಬೀಳುವುದು ಹೊರಬದಿಗೇ. ಟ್ರಾಫಿಕ್ಕಿನ ಬಾಲಕ್ಕೆ ಸೇರಿದಾಗ ಮುಂದಿನ ವಾಹನಕ್ಕೆ ಒಂದೂವರೆ ಕಾರಿನಷ್ಟು ಜಾಗ ಬಿಟ್ಟು ನಿಲ್ಲಿ, ಹಜಾರ್ಡ್ ಲೈಟ್ ಹಾಕಿ, ಹಿಂದೆ ಇನ್ನೊಂದು ವಾಹನ ಬಂದು ನಿಲ್ಲುವವರೆಗೆ ಕಣ್ಣು ಕನ್ನಡಿಯ ಮೇಲೆ, ಗೇರು ಒಂದರಲ್ಲೇ ಇರಲಿ.